ನಾನು ಸಣ್ಣಗಾದ ಕಾರಣ

ಯಲಹಂಕ ಹಳೇಪೇಟೆ
೧೪ ನವೆಂಬರ್ ೧೯೮೬

ಪ್ರೀತಿಯ ತಂಗಿ ಕನೀಜ್,

ಕಾಗದ ಬರೆಯಲು ಕೂತರೆ ಕೈ ತಾನಾಗಿಯೇ 'ನಾವು ಕ್ಷೇಮ' ಎಂದು ಬರೆದುಬಿಡುತ್ತದೆ. ಊರಿಗೆ ನಾನು ಹಾಗೇ ಬರೆಯುತ್ತೇನೆ, ಜ್ವರ ಬಂದು ಮಲಗಿದ್ದಾಗಲೂ. ಈ ಸಲ ಯೋಚಿಸಿ ಬರೆಯುತ್ತಿದ್ದೇನೆ. ನಾನು ಕ್ಷೇಮವಾಗಿದ್ದೇನೆ, ಬದುಕಿದ್ದೇನೆ. ಅದು ನಿನ್ನಿಂದ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಗೋಕಾಕದ ತವರಿಗೆ ಹೋಗಿ ಒಂದೂವರೆ ತಿಂಗಳು ಇದ್ದೆ. ತಿರುಗಿ ಬಂದು ನೋಡಿದರೆ ವಠಾರದಲ್ಲಿ ನಿಮ್ಮ ಮನೆಗೆ ಬೀಗ. ನಿನ್ನ ಯಜಮಾನರು ವಾಜಿದ್ ಅವರಿಗೆ ದಾವಣಗೆರೆಯಲ್ಲಿ ಕೆಲಸ ಸಿಕ್ಕಿತು, ಹೊರಟುಹೋದರು ಎಂದು ಓನರಮ್ಮ ಚನ್ನಕ್ಕ ಹೇಳಿದರು. ಸುಲ್ತಾನ್‌ಪಾಳ್ಯಕ್ಕೆ ಹೋಗಿ ನಿಮ್ಮ ಅಮ್ಮನ ಹತ್ತಿರ ವಿಳಾಸ ಬರೆಸಿಕೊಂಡು ಬಂದೆ. ಬಂದು ಎರಡು ತಿಂಗಳಾಯಿತು. ಕಾರ್ಡು ತೆಗೆದು ಎದುರಿಗಿಟ್ಟುಕೊಳ್ಳುವುದು, ಮತ್ತೆ ಪೆಟ್ಟಿಗೆಗೆ ಹಾಕುವುದು. ಕಾರ್ಡಿನಲ್ಲಿ ಹಿಡಿಯುವಂಥ ಮಾತಲ್ಲ ಎಂದು ಕೊನೆಗೆ ಹಾಳೆ ತರಿಸಿದೆ.

ನಿನಗೆ ಥ್ಯಾಂಕ್ಸ್ ಹೇಳುವ ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ಕನೀಜ್, ನಾನು ವನಲೇಖಾ ಹೇಳಿದ್ದನ್ನು ಒಂದು ದಿನವೂ ಮಾಡಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಹೋದ ಸಂಕ್ರಾಂತಿ ಆದ ಮೇಲೆ ಅಲ್ಲವೇ, ಸಿನಿಮಾ ನಟಿ ವನಲೇಖಾ ವಾರಪತ್ರಿಕೆಯಲ್ಲಿ ಬರೆಯಲು ಶುರುಮಾಡಿದ್ದು? ತಾನು ಹದಿನಾಲ್ಕು ಕಿಲೋ ಇಳಿಸಿದ್ದು ಹೇಗೆ ಎಂದು ವಾರಕ್ಕೊಂದು ಪುಟ. ಬೆಳಿಗ್ಗೆ ಬಿಸಿನೀರಿಗೆ ನಿಂಬೆಹಣ್ಣು, ಮಧ್ಯಾಹ್ನ ಎಲೆಕೋಸಿನ ಸಾರು, ಸಿಹಿ ಬಂದ್, ಸಂಜೆ ಒಂದು ಗಂಟೆ ನಡಿಗೆ. ಮನೆ ಓನರು ಪಿಳ್ಳಣ್ಣನವರು ಪತ್ರಿಕೆ ತರಿಸುತ್ತಿದ್ದರು, ಅವರ ಹೆಂಡತಿ ಚನ್ನಕ್ಕ ಓದುತ್ತಿದ್ದರು, ನಾವೆಲ್ಲ ನಲ್ಲಿಯ ಕಟ್ಟೆ ಮೇಲೆ ಕೂತು ಕೇಳುತ್ತಿದ್ದೆವು. ಚನ್ನಕ್ಕನಿಗೆ ಅದು ವೇದವಾಯಿತು. ನಿನಗೆ ತಮಾಷೆಯಾಯಿತು. "ಅವ್ರಿಗೆ ಅಡಿಗೆಯವ್ರು ಬೇರೆ, ಡ್ರೈವರ್ ಬೇರೆ. ಒಂದ್ ಗಂಟೆ ನಡೀತಾರೆ. ನಾನು ಈ ನಲ್ಲಿಗೂ ಮನೆಗೂ ದಿನಾ ಮೂರು ಗಂಟೆ ನಡೀತೀನಲ್ಲ, ನನ್ನನ್ಯಾಕೆ ಯಾರೂ ಫೋಟೋ ತೆಗೆಯಲ್ಲ" ಎಂದು ನೀನು ಹೇಳಿ ಎಲ್ಲರನ್ನೂ ನಗಿಸಿದ್ದೆ. ನಾನು ನಗಲಿಲ್ಲ. ನಾನು ಆಗ ಎಂಬತ್ತೆರಡು ಕಿಲೋ ಇದ್ದೆ. ವಠಾರದಲ್ಲಿ ಹಾಲಿನವನಿಂದ ಹಿಡಿದು ಎಲ್ಲರಿಗೂ ನಾನು 'ದಪ್ಪ ಕಾಶವ್ವ'.

ನಿಂಬೆನೀರು ಕುಡಿಯಲು ಕೂತ ಮೊದಲ ದಿನವೇ ಹೊಟ್ಟೆ ತೊಳೆಸಿತು. ಎಲೆಕೋಸಿನ ಸಾರು ಮಾಡಿದೆ, ಒಲೆ ಆರುವ ಮೊದಲೇ ಅದನ್ನು ಚೆಲ್ಲಿ ಅನ್ನ ಉಂಡೆ. ಅಲ್ಲಿಗೆ ನನ್ನ ವ್ರತ ಮುಗಿದಿತ್ತು. ಆದರೆ ಶಿವರಾತ್ರಿ ಕಳೆದ ಮೇಲೆ ರವಿಕೆ ಸಡಿಲವಾಯಿತು, ಬಳೆ ಮೊಳಕೈವರೆಗೆ ಏರಿತು. ನಲ್ಲಿಯ ಹತ್ತಿರ ಚನ್ನಕ್ಕ ನನ್ನನ್ನು ಸುತ್ತ ತಿರುಗಿಸಿ ನೋಡಿದರು. "ಏನ್ ಕಾಶವ್ವ, ಇಂಗೆ ಸಣ್ಣ ಆಗೋಗಿದೀಯಲ್ಲ. ಅದನ್ನೇ ಮಾಡ್ತಿದೀಯಾ?"

ನಾನು ಹೂಂ ಎಂದೆ. ಅಷ್ಟೇ ನಾನು ಮಾಡಿದ್ದು.

ಯಾಕೆ ಎಂದು ನೀನು ಕೇಳಬಹುದು. ಮೂವತ್ತಾರು ವರ್ಷದಲ್ಲಿ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಈಗ ಬಾಗಲೂರಿನಿಂದ ಚನ್ನಕ್ಕನ ನಾದಿನಿ ಬಂದು, ಸಾರಿಗೆ ಉಪ್ಪು ಹಾಕಬಹುದಾ ಎಂದು ನನ್ನನ್ನು ಕೇಳಿದಳು. ರೈಲು ಗಾಲಿ ಕಾರ್ಖಾನೆಯಿಂದ ಬಂದು ಮಾತಿಲ್ಲದೆ ಉಂಡು ಮಲಗುವ ನಮ್ಮ ಮನೆಯವರು, ಒಂದು ಭಾನುವಾರ ಸ್ಟುಡಿಯೋಗೆ ಕರೆದುಕೊಂಡು ಹೋಗಿ ನನ್ನೊಬ್ಬಳದೇ ಫೋಟೋ ತೆಗೆಸಿದರು. ಅದನ್ನೂ ಮದುವೆಯ ಹಳೇ ಫೋಟೋವನ್ನೂ ಚನ್ನಕ್ಕ ಪತ್ರಿಕೆಗೆ ಕಳಿಸಿದರು. ಹಸಿವು ಮಾತ್ರ ವಿಪರೀತವಾಗಿತ್ತು. ಬಾಗಿಲು ಓರೆ ಮಾಡಿಕೊಂಡು ಒಲೆ ಮುಂದೆ ಕೂತು ತಿನ್ನುತ್ತಿದ್ದೆ. ತಿಂದಷ್ಟೂ ಇಳಿಯುತ್ತಿದ್ದೆ. ದೇವರು ನನಗೊಂದು ಉಡುಗೊರೆ ಕೊಟ್ಟಿದ್ದಾನೆ ಅಂದುಕೊಂಡೆ.

ನೀನೊಬ್ಬಳು ಮಾತ್ರ ಹೊಗಳಲಿಲ್ಲ. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ನೀನು ನಮ್ಮ ಮನೆಯೊಳಗೆ ಬಂದು ಕೂತೆ. "ಕಾಶಕ್ಕ, ಬೆಳಿಗ್ಗೆಯಿಂದ ಬಚ್ಚಲಿಗೆ ಎಷ್ಟ್ ಸಲ ಹೋದ್ರಿ, ಲೆಕ್ಕ ಇಟ್ಟಿದೀರಾ? ನಾನಿಟ್ಟಿದೀನಿ. ಹನ್ನೊಂದು. ಒಂದು ಕೊಡ ನೀರು ನೀವೊಬ್ರೇ ಕುಡೀತೀರ. ನೀವು ಹೋಗಿ ಬಂದ ಜಾಗದಲ್ಲಿ ಇರುವೆ ಸಾಲು ಕಟ್ಟುತ್ತೆ. ನಮ್ಮ ಅಬ್ಬಾಗೂ ಹಿಂಗೇ ಶುರುವಾಗಿದ್ದು. ಇದು ವನಲೇಖಾ ಅಲ್ಲ, ಸಕ್ಕರೆ ಕಾಯಿಲೆ. ಡಾಕ್ಟ್ರ ಹತ್ರ ಹೋಗೋಣ ಬನ್ನಿ."

ಅಂದು ನಾನು ಆಡಿದ ಮಾತನ್ನು ಬರೆಯಲೇಬೇಕು, ಬಿಟ್ಟುಬಿಟ್ಟರೆ ಈ ಕಾಗದಕ್ಕೆ ಅರ್ಥವಿಲ್ಲ. ನಿನಗೆ ಹೊಟ್ಟೆಕಿಚ್ಚು ಅಂದೆ. ಹೆಂಗಸರ ಬಚ್ಚಲು ಕಾಯುವುದು ಎಂಥ ಬುದ್ಧಿ ಅಂದೆ. ನನ್ನ ಹೊಸ್ತಿಲು ತುಳಿಯಬೇಡ ಅಂದೆ. ಮರುದಿನ ಚನ್ನಕ್ಕನ ಹತ್ತಿರ, ನನ್ನ ಹೆಸರು ಪತ್ರಿಕೆಯಲ್ಲಿ ಬರುತ್ತದೆ ಎಂದು ಕನೀಜ್‌ಗೆ ತಡೆಯಲಾಗುತ್ತಿಲ್ಲ ಎಂದೂ ಹೇಳಿದೆ. ಅದು ವಠಾರವೆಲ್ಲ ಸುತ್ತಿ ನಿನ್ನ ಕಿವಿಗೂ ಬಿತ್ತು. ನೀನು ನಲ್ಲಿಯ ಹತ್ತಿರ ಬರುವ ಹೊತ್ತನ್ನೇ ಬದಲಿಸಿಕೊಂಡೆ. ನನ್ನ ಕಣ್ಣು ಮಂಜಾಗುತ್ತಿತ್ತು, ಕಾಲು ಜೋಮು ಹಿಡಿಯುತ್ತಿತ್ತು. ನೀನು ಹೇಳಿದ್ದು ನಿಜವಿರಬಹುದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಅಷ್ಟು ಜೋರಾಗಿ ಬೈದಿದ್ದು.

ಜೂನ್ ಎಂಟನೇ ತಾರೀಖು ಭಾನುವಾರ ಆರ್.ಟಿ. ನಗರದ ಕಲ್ಯಾಣ ಮಂಟಪದಲ್ಲಿ ಪತ್ರಿಕೆಯವರ ಸಮಾರಂಭ. ವನಲೇಖಾ ಕೈಯಿಂದ ಐವರು ಹೆಂಗಸರಿಗೆ ಹಾರ, ಅವರಲ್ಲಿ ನಾನೂ ಒಬ್ಬಳು. ಬೆಳಿಗ್ಗೆ ಎರಡು ಸಲ ವಾಂತಿಯಾಯಿತು. ನಮ್ಮ ಮನೆಯವರಿಗೆ ಮೊದಲನೇ ಪಾಳಿ, ಆರಕ್ಕೇ ಹೋಗಿದ್ದರು. ರೇಷ್ಮೆ ಸೀರೆ ಉಟ್ಟು ಬಾಗಿಲು ತೆರೆದರೆ ನೀನು ನಿಂತಿದ್ದೆ, ಹೊಸ್ತಿಲಿನ ಆಚೆಗೆ. ಕೈಯಲ್ಲಿ ನಿಮ್ಮ ಅಬ್ಬಾ ಬಳಸುತ್ತಿದ್ದ ಗಾಜಿನ ನಳಿಕೆ, ಸ್ಪಿರಿಟ್ ದೀಪ, ನೀಲಿ ಔಷಧಿಯ ಸೀಸೆ. "ನಾನು ಒಳಗೆ ಬರಲ್ಲ. ಒಂದ್ ಲೋಟದಲ್ಲಿ ಮೂತ್ರ ಹಿಡಿದು ಕೊಡಿ ಸಾಕು. ಸಕ್ಕರೆ ಇದ್ರೆ ಕಾಯಿಸಿದಾಗ ಬಣ್ಣ ಬದಲಾಗುತ್ತೆ. ಬದಲಾಗ್ಲಿಲ್ಲ ಅಂದ್ರೆ ನಿಮ್ಮ ಕಾಲಿಗೆ ಬಿದ್ದು ತಪ್ಪಾಯ್ತು ಅಂತೀನಿ."

ನಿನ್ನನ್ನು ಸೋಲಿಸಬೇಕೆಂದೇ ಕೊಟ್ಟೆ. ನೀನು ಮೊದಲು ನಿನ್ನದನ್ನು ಕಾಯಿಸಿ ತೋರಿಸಿದೆ, ನೀಲಿ ನೀಲಿಯಾಗೇ ಇತ್ತು. ನಳಿಕೆ ತೊಳೆದು ಅದೇ ಔಷಧಿ ಮತ್ತೆ ಹುಯ್ದು ನನ್ನದು ಎಂಟು ಹನಿ ಹಾಕಿದೆ. ಬಟ್ಟೆ ಕ್ಲಿಪ್ಪಿನಲ್ಲಿ ಹಿಡಿದು ದೀಪದ ಮೇಲೆ ಆಡಿಸಿದೆ. ಹಸಿರಾಯಿತು, ಹಳದಿಯಾಯಿತು, ಆಮೇಲೆ ಇಟ್ಟಿಗೆ ಪುಡಿ ಕಲಸಿದ ಹಾಗೆ ಕೆಂಪಾಗಿ ನಿಂತಿತು. ನೀನು ಗೆದ್ದೆ ಅನ್ನಲಿಲ್ಲ. ದೀಪ ಆರಿಸಿ, ಈಗಲೇ ಆಸ್ಪತ್ರೆಗೆ ನಡೀರಿ ಅಂದೆ.

ಆದರೂ ನಾನು ಸೋಮವಾರ ಡಾಕ್ಟರ ಹತ್ತಿರ ಹೋಗುತ್ತೇನೆ, ಈಗ ಹಾರ ಹಾಕಿಸಿಕೊಂಡು ಬರುತ್ತೇನೆ ಅಂದೆ. ನೀನು ಬುರ್ಖಾ ಹಾಕಿಕೊಂಡು ಬಂದು, ನನ್ನ ಹಿಂದೆಯೇ ಬಸ್ ಸ್ಟ್ಯಾಂಡಿಗೆ ನಡೆದೆ. ಹೆಬ್ಬಾಳದ ಕೆರೆ ಕಂಡದ್ದಷ್ಟೇ ನನಗೆ ನೆನಪು.

ಮುಂದಿನದನ್ನು ನನಗೆ ಹೇಳಿದವರು ಕಂಡಕ್ಟರ್ ಮುನಿಯಲ್ಲಪ್ಪ. ಹೋದ ತಿಂಗಳು ಬಸ್ಸಿನಲ್ಲಿ ನನ್ನ ಗುರುತು ಹಿಡಿದರು. "ಅಮ್ಮಾ, ನೀವೇ ಅಲ್ವಾ ಆವತ್ತು ಬಿದ್ದೋರು? ನಿಮ್ ತಂಗಿ ಬಸ್ ನಿಲ್ಸೋಕೇ ಬಿಡ್ಲಿಲ್ಲ. ನಮ್ಮಕ್ಕ ಸಾಯ್ತಾಳೆ, ಸೀದಾ ಆಸ್ಪತ್ರೆಗೆ ಬಿಡಿ ಅಂತ ಡ್ರೈವರ್ ಪಕ್ಕ ಹೋಗಿ ನಿಂತ್ಬಿಟ್ರು. ಒಬ್ ಪ್ಯಾಸೆಂಜರೂ ಇಳೀತೀನಿ ಅನ್ಲಿಲ್ಲ, ಬಸ್ ತುಂಬಾ ಜನ ಹಂಗೇ ಆಸ್ಪತ್ರೆಗೆ ಬಂದ್ರು" ಅಂದರು. ರೇಷ್ಮೆ ಸೀರೆ ಕುಂಕುಮದ ನಾನು, ಬುರ್ಖಾದ ನೀನು. ಅಕ್ಕ ಹೇಗೆ, ತಂಗಿ ಹೇಗೆ ಎಂದು ಅವರು ಆ ದಿನವೂ ಕೇಳಲಿಲ್ಲ, ಈಗಲೂ ಕೇಳಲಿಲ್ಲ. ನಾನು ಟಿಕೇಟು ಕೈಯಲ್ಲಿ ಹಿಡಿದುಕೊಂಡು ಯಲಹಂಕ ಬರುವವರೆಗೂ ಅತ್ತೆ.

ಇನ್ನು ಅರ್ಧ ದಿನ ತಡವಾಗಿದ್ದರೆ ನಾವು ಮಾಡುವಂಥದ್ದು ಏನೂ ಇರುತ್ತಿರಲಿಲ್ಲ ಎಂದು ಡಾಕ್ಟರು ನಮ್ಮ ಮನೆಯವರಿಗೆ ಹೇಳಿದರಂತೆ. ನೀನು ಮೂರು ದಿನ ಅಲ್ಲೇ ಇದ್ದೆ. ಆಮೇಲೂ ಗಂಜಿ ಕಾಯಿಸಿ ತರುತ್ತಿದ್ದೆ. ನೀನು ಬಂದಾಗಲೆಲ್ಲ ನಾನು ನಿದ್ದೆಯಲ್ಲಿರುತ್ತಿದ್ದೆ, ನೆನಪಿದೆಯಾ? ಅದು ನಿದ್ದೆಯಲ್ಲ ಕನೀಜ್. ನಿನ್ನ ಮುಖ ನೋಡಲಾರದೆ ಕಣ್ಣು ಮುಚ್ಚಿಕೊಂಡಿರುತ್ತಿದ್ದೆ. ನೀನು ನನ್ನ ಹೊದಿಕೆ ಸರಿಮಾಡಿ, ಹಣೆ ಮುಟ್ಟಿ ನೋಡಿ, ಸದ್ದಿಲ್ಲದೆ ಹೋಗುತ್ತಿದ್ದೆ. ಒಂದು ಸಲ ಕಣ್ಣು ತೆರೆದಿದ್ದರೆ ಸಾಕಿತ್ತು.

ಈಗ ದಿನಕ್ಕೆ ಎರಡು ಸಲ ಇನ್ಸುಲಿನ್. ಸಿರಿಂಜು ಕುದಿಸಿ ನಾನೇ ತೊಡೆಗೆ ಚುಚ್ಚಿಕೊಳ್ಳುತ್ತೇನೆ. ನಮ್ಮಲ್ಲಿ ಫ್ರಿಜ್ಜಿಲ್ಲವಲ್ಲ, ಒದ್ದೆ ಮರಳು ತುಂಬಿದ ಮಡಕೆಯಲ್ಲಿ ಸೀಸೆ ಇಡುತ್ತೇವೆ. ನೀಲಿ ಔಷಧಿ ಕಾಯಿಸುವ ಕೆಲಸ ಮಗಳು ಈರವ್ವನದು. ಹಸಿರಾದರೆ ನನ್ನನ್ನು ಗದರುತ್ತಾಳೆ. ಮತ್ತೆ ಸ್ವಲ್ಪ ತುಂಬಿಕೊಂಡು ಅರವತ್ತಮೂರು ಕಿಲೋಕ್ಕೆ ಬಂದಿದ್ದೇನೆ. ತೂಕ ಏರಿತು ಎಂದು ಡಾಕ್ಟರು ಸಂತೋಷಪಟ್ಟಾಗ ನನಗೆ ನಗು ಬಂತು.

ಆ ನನ್ನ ಫೋಟೋ ಆಗಸ್ಟಿನಲ್ಲಿ ಪತ್ರಿಕೆಯಲ್ಲಿ ಬಂದೇ ಬಂತು, 'ವನಲೇಖಾ ದಾರಿಯಲ್ಲಿ ಗೆದ್ದವರು' ಎಂದು. ಇದು ಕಾಯಿಲೆಯಿಂದ ಆದದ್ದು, ದಯವಿಟ್ಟು ಅಚ್ಚು ಹಾಕಿ ಎಂದು ಕಾಗದ ಬರೆದೆ. ಅಚ್ಚಾಗಲಿಲ್ಲ. ನಟಿಯ ರುಜುವಿದ್ದ ಒಂದು ಫೋಟೋ ಬಂತು. ಸಹಕಾರನಗರದಿಂದ ಇಬ್ಬರು ಹೆಂಗಸರು ಪತ್ರಿಕೆ ಹಿಡಿದು ಮನೆ ಹುಡುಕಿಕೊಂಡು ಬಂದರು. ನಿಜ ಹೇಳಿದೆ. ಒಬ್ಬಳು ನಂಬಲಿಲ್ಲ, ಗುಟ್ಟು ಬಿಡುತ್ತಿಲ್ಲ ಎಂದು ಸಿಟ್ಟಾಗಿ ಹೋದಳು. ಇನ್ನೊಬ್ಬಳು ಹಿಂದೆ ಉಳಿದು, ನನಗೂ ತುಂಬ ಬಾಯಾರುತ್ತೆ ಅಕ್ಕ ಅಂದಳು. ಅವಳನ್ನು ಆನಂದಪ್ಪ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಹೊಸ್ತಿಲಲ್ಲಿ ನೀನು ನಿಂತ ಹಾಗೆ ನಿಲ್ಲಲು ನನಗೆ ಬಾರದು, ಆದರೂ ಹೋದೆ.

ವನಲೇಖಾಳನ್ನು ಮಾತ್ರ ಬೈಯಲಾರೆ. ಚನ್ನಕ್ಕ ಈಗಲೂ ದಿನಾ ನಡೆಯುತ್ತಾರೆ, ಅವರ ಮಂಡಿನೋವು ನಿಜವಾಗಿ ಹೋಗಿದೆ. ಅವರ ಕಟ್ಟಿನಿಂದ ಮೊದಲನೇ ವಾರದ ಸಂಚಿಕೆ ತೆಗೆದು ಓದಿದೆ. ಕೊನೆಯ ಸಾಲಿನಲ್ಲಿ, ಶುರುಮಾಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ ಎಂದು ಆ ಹೆಣ್ಣು ಬರೆದೇ ಇದ್ದಳು. ಚನ್ನಕ್ಕ ಅದನ್ನು ಗಟ್ಟಿಯಾಗಿ ಓದಿರಲಿಲ್ಲ, ನಾವು ಯಾರೂ ಕೇಳಿರಲಿಲ್ಲ. ಸುಳ್ಳು ಹೇಳಿದ್ದು ಅವಳಲ್ಲ, ನಾನು.

ಹೊಟ್ಟೆಕಿಚ್ಚು ಎಂದದ್ದನ್ನು ಚನ್ನಕ್ಕನ ಎದುರಿಗೆ, ಅದೇ ನಲ್ಲಿಯ ಹತ್ತಿರ, ಎಲ್ಲರೂ ಇರುವಾಗ ವಾಪಸು ತೆಗೆದುಕೊಂಡೆ. ನಿನ್ನ ಎದುರಿಗೆ ತೆಗೆದುಕೊಳ್ಳುವುದು ಬಾಕಿ ಇದೆ. ಈ ಕಾಗದ ಓದಿ ಒಂದೇ ಒಂದು ಸಾಲು ಬರೆ. ಬೈದು ಬರೆದರೂ ಆಗಬಹುದು.

ಬಸ್ಸಿನಲ್ಲಿ ನೀನು ಅಕ್ಕ ಎಂದವಳು,
ಕಾಶವ್ವ

ತಾ.ಕ.: ಲಕೋಟೆಗೆ ಹಾಕುವ ಮೊದಲು ಇದನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. ನಾನು ಕದ್ದು ತಿನ್ನುತ್ತಿದ್ದದ್ದು ಅವರಿಗೂ ಗೊತ್ತಿರಲಿಲ್ಲ ಎಂದುಕೊಂಡಿದ್ದೆ. ಪೂರ್ತಿ ಕೇಳಿಸಿಕೊಂಡು ಹೇಳಿದರು: "ತಿಂಗಳಿನ ಜ್ವಾಳದ ಹಿಟ್ಟು ಹದಿನೈದು ದಿನಕ್ಕ ಮುಗೀತಿತ್ತು, ನನಗ ಗೊತ್ತಿತ್ತು. ಗಿರಣಿಗೆ ಹೊತ್ಕೊಂಡು ಹೋಗಾಂವ ನಾನಽ ಅಲ್ಲೇನು. ವಾಜಿದ್‌ಗ ಕೆಲಸ ಇಲ್ಲ, ನೀ ಕನೀಜವ್ವನ ಮಕ್ಕಳಿಗೆ ರೊಟ್ಟಿ ಬಡದ್ ಕೊಡ್ತಿ ಅಂತ ತಿಳ್ಕೊಂಡಿದ್ದೆ. ಛಲೋ ಮಾಡಾಕತ್ಯಾಳ ಅಂತ ಸುಮ್ನಿದ್ದೆ."

ನಿಮ್ಮ ಮನೆಯಲ್ಲಿ ನಾಲ್ಕು ತಿಂಗಳು ಸಂಬಳವಿರಲಿಲ್ಲ ಎಂದು ನನಗೆ ತಿಳಿದದ್ದು ಆಗ, ಅವರ ಬಾಯಿಂದ. ಗೋಡೆಯ ಆಚೆಗಿದ್ದೆ, ಒಂದು ರೊಟ್ಟಿಯನ್ನೂ ಕೊಟ್ಟಿರಲಿಲ್ಲ. ನೀನು ನನಗೆ ಗಂಜಿ ತರುತ್ತಿದ್ದದ್ದು ಯಾವ ಅಕ್ಕಿಯಲ್ಲಿ ಎಂದು ಈಗ ಯೋಚಿಸುತ್ತಿದ್ದೇನೆ. ಬರುವ ಶನಿವಾರ ಅವರು ಗೋಕಾಕಕ್ಕೆ ಹೊರಟಿದ್ದಾರೆ, ದಾವಣಗೆರೆಯಲ್ಲಿ ಇಳಿದು ನಿಮ್ಮ ಮನೆಗೆ ಬಂದು ಹೋಗುತ್ತಾರೆ. ಅವರ ಕೈಯಲ್ಲಿ ನೂರು ಖಡಕ್ ರೊಟ್ಟಿ ಕಳಿಸುತ್ತಿದ್ದೇನೆ. ಮಕ್ಕಳಿಗೆ ಕೊಡು. ನೀನೂ ತಿನ್ನು.