ಟಕ್ ಎಂದ ಮೇಲೆ ಇನ್ನೊಂದು ಎಳೆತ

ಅಣ್ಣಾ,

ಇವತ್ತು ನಿನ್ನ ಬೈಕಿನ ಆಯಿಲ್ ಬದಲಿಸಿ, ಇಂಜಿನ್ನಿನ ಅಡಿಯ ಬೋಲ್ಟನ್ನು ನಿನ್ನ ಟಾರ್ಕ್ ರೆಂಚಿನಲ್ಲಿ ನಾನೇ ಬಿಗಿದೆ. ಬಿಗಿ ಸಾಕಾದಾಗ ಅದು ಟಕ್ ಎನ್ನುತ್ತದೆ; ಅಲ್ಲಿಗೆ ನಿಲ್ಲಿಸಬೇಕು. ನೀನು ನಿಲ್ಲಿಸಿದವನೇ? "ಇರ್ಲಿ, ಇನ್ನೊಂದು" ಎಂದು ಎಳೆದು ಎಷ್ಟು ಬೋಲ್ಟು ಮುರಿದೆಯೋ!

ಯಂತ್ರಕ್ಕೆ ಬೆರಳು ಕಳೆದುಕೊಂಡ ಕೆಲಸಗಾರರನ್ನು ಹೊರದಬ್ಬಿದ ಆ ಕಾರ್ಖಾನೆಯ ಗೇಟಿನಲ್ಲಿ ಪೊಲೀಸರು ಬಂದೂಕು ಎತ್ತಿದಾಗ ಮೆರವಣಿಗೆಯಲ್ಲಿದ್ದ ಎಲ್ಲರೂ ನಿಂತರು. ನೀನು ಇನ್ನೊಂದು ಹೆಜ್ಜೆ ಇಟ್ಟೆ.

ಇವತ್ತು ನನ್ನ ಕೈಯಲ್ಲಿ ರೆಂಚು ಟಕ್ ಎಂದಿತು. ಬಾಗಿಲಲ್ಲಿದ್ದ ಅಮ್ಮ ಕಿರುಚಿದಳು: "ಸಾಕು ಬಿಡೇ! ನಿಮ್ಮಣ್ಣನ ಚಾಳಿ ನಿಂಗೆ ಬೇಡ."

ಕೈ ತೆಗೆದೆ. ಆಮೇಲೇ ಅವಳು ಉಸಿರು ಬಿಟ್ಟಿದ್ದು.

ಆ ಕಾರ್ಖಾನೆ ಇನ್ನೂ ಬೆರಳು ತಿನ್ನುತ್ತಲೇ ಇದೆ, ಅಣ್ಣಾ. ನಾಳೆ ನಿನ್ನ ಬೈಕಿನಲ್ಲೇ ಅದೇ ಗೇಟಿಗೆ ಹೋಗುತ್ತೇನೆ. ಅಮ್ಮನಿಗೆ ಪೇಟೆಗೆ ಎಂದು ಹೇಳಿದ್ದೇನೆ.