ಮಂಚದಡಿಯ ಬೆಲ್ಲ

ನೂಲ್ಪುಳ, ಭಾನುವಾರ

ದೊಡ್ಡಮ್ಮಾ, ಇಲ್ಲಿಂದಲೇ ಕಾಲಿಗೆ ಬಿದ್ದೆ. ಕಾಡಂಚಿನ ಈ ಹಾಡಿಯ ಮಕ್ಕಳಿಗೆ ಒಂದು ವರ್ಷ ಪಾಠ ಹೇಳಲು ಬಂದವಳಿಗೆ ಪಾಠಕ್ಕಿಂತ ಕಾವಲೇ ಹೆಚ್ಚಾಗಿದೆ. ನಾನಿರುವ ಮನೆಯ ತಂಗಮ್ಮಕ್ಕ ದಿನವೂ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಮೂಗು ಅರಳಿಸುತ್ತಾರೆ. "ಮೋಳೇ, ಒಳಗೆ ಎಂತ ಮಡಗಿದ್ದೀಯ?" ಅಂತ ಮಗಳನ್ನು ಕರೆದ ಹಾಗೆ ಕೇಳಿದರೆ ನಾನು "ಬಟ್ಟೆ ಅಕ್ಕಾ" ಅನ್ನುತ್ತೇನೆ. ನೀನು ಆಲೆಮನೆಯಿಂದ ತಂದು ಕಟ್ಟಿಕೊಟ್ಟ ಬೆಲ್ಲದ ಮೇಲೇ ಇವರ ಕಣ್ಣು ಅಂದುಕೊಂಡು, ಗಂಟನ್ನು ಮಂಚದಡಿಗೆ ತಳ್ಳಿ ಮಣ್ಣಿನ ಗೋಡೆಗೆ ಒತ್ತಿ ಇಟ್ಟೆ.

ನಿನ್ನೆ ಅವರ ಗಂಡ ಮಾರನ್ ಕೂಡ ಬಂದು ಮೂಸಿದರು. "ಬೆಲ್ಲ ಅಲ್ವಾ? ಆನೆಗೆ ವಾಸ್ನೆ ಸಿಕ್ರೆ ಬಾಗ್ಲು ತಟ್ಟಲ್ಲ ಮೋಳೇ, ಗೋಡೆನೇ ತೆಗೀತದೆ!" ಇಲ್ಲಿಯವರು ಹಲಸನ್ನು ಹಣ್ಣಾಗುವ ಮೊದಲೇ ಕೊಯ್ದುಬಿಡುವುದೂ ಅದಕ್ಕೇ ಅಂತೆ. ಬೇರೆ ದಾರಿಯಿಲ್ಲದೆ ಗಂಟು ತೆಗೆದುಕೊಟ್ಟೆ; ಸಂಜೆಯೊಳಗೆ ಅಷ್ಟೂ ಬೆಲ್ಲ ಪಾಯಸವಾಗಿ ಹಾಡಿಯವರ ಹೊಟ್ಟೆ ಸೇರಿತು. ತಂಗಮ್ಮಕ್ಕ ಮತ್ತೆ ಮತ್ತೆ ಬಡಿಸಿಕೊಂಡರು. ಆನೆಯ ಕತೆ ಕಟ್ಟಿ ನನ್ನ ಬೆಲ್ಲ ತಿಂದರಲ್ಲ ಎಂದು ಉರಿದುಕೊಂಡೇ ಮಲಗಿದೆ.

ಹಿಂದಿನ ಕಾಗದದಲ್ಲಿ ಬರೆದಿದ್ದ ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ. ಈ ಬೆಳಿಗ್ಗೆ ಹಿತ್ತಲಿಗೆ ಹೋದರೆ, ನನ್ನ ಮಂಚ ತಾಗಿರುವ ಗೋಡೆಯ ಹೊರಮೈಯಲ್ಲಿ ಎದೆಯೆತ್ತರಕ್ಕೆ ಮಣ್ಣು ಸವರಿದಂತೆ ಒದ್ದೆಯಾಗಿತ್ತು. ಕೆಳಗೆ ಮೊರದಗಲದ ಹೆಜ್ಜೆಗಳು. ಗೋಡೆಯವರೆಗೆ ಬಂದು, ಏನೂ ಸಿಗದೆ, ಹಾಗೇ ಕಾಡಿಗೆ ತಿರುಗಿದ್ದವು.

ಅಮ್ಮನಿಗೆ ಓದಿ ಹೇಳುವಾಗ ಈ ಕೊನೆಯ ಸಾಲುಗಳನ್ನು ನುಂಗಿಬಿಡು. ತಂಗಮ್ಮಕ್ಕ ಗಂಜಿಗೆ ಕರೆಯುತ್ತಿದ್ದಾರೆ, ಹೊರಟೆ.

ನಿನ್ನ ಸಿಂಚನ