ಏಳನೇ ಗುಡ್ಡೆ

ಹೇವರ್ಡ್
೧೨ ನವೆಂಬರ್ ೨೦೦೦, ಭಾನುವಾರ

ರೀ,

ನಿಮ್ಮ ತೇಜುವಿನ ನಮಸ್ಕಾರ. ಮೊನ್ನೆ ತಾನೇ ಫೋನಿನಲ್ಲಿ ಅಷ್ಟು ಹೊತ್ತು ಮಾತಾಡಿದವಳು ಈಗ ಕಾಗದ ಯಾಕೆ ಬರೆದಳು ಅಂತ ಹುಬ್ಬೇರಿಸಬೇಡಿ. ಫೋನಿನಲ್ಲಿ ಹೇಳೋಕಾಗದ ಮಾತಿದೆ. ನೀವು ರಿಸೀವರ್ ಎತ್ತಿದರೆ ಒಂದು ಪಕ್ಕ ಅವ್ವ ಕಿವಿ ಕೊಟ್ಟಿರ್ತಾರೆ, ಇನ್ನೊಂದು ಪಕ್ಕ ಎದುರುಮನೆ ಹುಚ್ಚಮ್ಮ ನಿಂತಿರ್ತಾರೆ, ಸಾಲದ್ದಕ್ಕೆ ಇನ್ನೆರಡೇ ನಿಮಿಷ ಉಳಿದಿದೆ ಅಂತ ಕಾಲಿಂಗ್ ಕಾರ್ಡಿನವಳು ಮಧ್ಯೆ ಬಾಯಿ ಹಾಕ್ತಾಳೆ. ನಿಮ್ಮ ಸ್ನೇಹಿತ ವೆಂಕಟಾಚಲ ತಂಗಿ ಮದುವೆಗೆ ಅಂತ ನಾಳೆ ಊರಿಗೆ ಹೊರಡ್ತಿದ್ದಾನೆ. ಮೈಸೂರಿಗೆ ಹೋಗೋ ದಾರಿಯಲ್ಲಿ ಮದ್ದೂರಿನಲ್ಲಿ ಇಳಿದು ಇದನ್ನ ನಿಮ್ಮ ಕೈಗೇ ಕೊಡ್ತೀನಿ ಅಂತ ಮಾತು ಕೊಟ್ಟಿದ್ದಾನೆ. ಒಬ್ಬರೇ ಇದ್ದಾಗ ಓದಿ.

ಸುತ್ತಿ ಬಳಸಿ ಹೇಳಲ್ಲ. ಮಗು ಇಲ್ಲ. ಹೋಗಿ ಒಂದು ತಿಂಗಳ ಮೇಲಾಯ್ತು. ನೀವು ಬೇಟೆಗೆ ಹೋಗಿದ್ದಿರಲ್ಲ, ಆಗ ಹೋಯ್ತು.

ಇಪ್ಪತ್ತೊಂದಕ್ಕೆ ಚೆನ್ನೈನಲ್ಲಿ ಅವ್ವನ ವೀಸಾ ಇಂಟರ್‌ವ್ಯೂ ಇದೆ. ಯಾಕೆ ಹೋಗ್ತಿದ್ದೀರಿ ಅಂತ ಅವರು ಕೇಳ್ತಾರೆ. ಸೊಸೆ ಬಾಣಂತನಕ್ಕೆ ಅಂತ ಅವ್ವ ಆ ಗಾಜಿನ ಕಿಂಡಿ ಮುಂದೆ ನಿಂತು ಹೇಳ್ತಾರೆ. ಹುಟ್ಟಿದಾಗಿನಿಂದ ಯಾರಿಗೂ ಸುಳ್ಳು ಹೇಳದ ಹೆಂಗಸು. ನನ್ನ ದೆಸೆಯಿಂದ ಅವರು ಅಲ್ಲಿ ಸುಳ್ಳು ಹೇಳಿದ ಹಾಗಾಗಬಾರದು. ಅಷ್ಟರೊಳಗೆ ನಿಮಗೆ ಇದು ತಲುಪಲೇಬೇಕು ಅಂತ ಕೂತಿದ್ದೀನಿ.

ಎದುರಿಗಿದ್ದಾಗ ಯಾಕೆ ಬಾಯಿ ಬಿಡಲಿಲ್ಲ ಅಂತ ನಿಮಗೆ ಸಿಟ್ಟು ಬರುತ್ತೆ. ಬರಲಿ. ನನಗೂ ನಿಮ್ಮ ಮೇಲೆ ಬಂದಿತ್ತು. ಮಾರ್ಚ್ ತಿಂಗಳಿಂದ ನಿಮಗೆ ಬೇಟೆಯದೇ ಧ್ಯಾನ. ನಿಮ್ಮ ಆಫೀಸಿನ ವಾಲ್ಟ್ ಅಜ್ಜನ ಜೊತೆ ಕ್ಲಾಸಿಗೆ ಹೋಗಿದ್ದೇನು, ಪರೀಕ್ಷೆ ಪಾಸಾಗಿದ್ದೇನು, ಲೈಸೆನ್ಸ್ ಕಾರ್ಡನ್ನ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲೂ ತೆಗೆದು ತೋರಿಸಿದ್ದೇನು. ಗೌರಿ ಹಬ್ಬದ ದಿನ ನನ್ನ ವಿಷಯ ಎಲ್ಲರಿಗೂ ಗೊತ್ತಾದ ಮೇಲೆ, ಈ ವರ್ಷ ಹೋಗಲ್ಲ, ಹೆಂಡತಿ ಬಸುರಿ ಅಂತ ವಾಲ್ಟ್‌ಗೆ ನೀವೇ ಹೇಳಿಬಿಟ್ಟಿದ್ದಿರಿ. ಆಮೇಲೆ ಆ ಗುರುವಾರ ನಾನು ಲ್ಯಾಬಿನಿಂದ ಬಂದವಳು ಶೂ ಬಿಚ್ಚುತ್ತಾ ಜಿಂಕೆ ಬಾಡು ತಿನ್ನಬೇಕು ಅನ್ನಿಸ್ತಿದೆ ಅಂದೆ. ನೀವು ಮೊದಲು ನಕ್ಕಿರಿ. ಆಮೇಲೆ ನಗು ನಿಲ್ಲಿಸಿ, ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತಂತೆ ಕಣೇ ಅಂದಿರಿ. ಎಂಟು ವರ್ಷ ಚಿಪ್ ಟೆಸ್ಟ್ ಮಾಡಿದ ಗಂಡಸಿನ ಬಾಯಲ್ಲಿ ಬರೋ ಮಾತಾ ಅದು? ಶುಕ್ರವಾರ ಸಂಜೆಗೆ ವಾಲ್ಟ್ ಟ್ರಕ್ಕು ನಮ್ಮ ಅಪಾರ್ಟ್‌ಮೆಂಟಿನ ಕೆಳಗಿತ್ತು.

ಸೋಮವಾರ ಬೆಳಿಗ್ಗೆ ಹೊಟ್ಟೆ ಹಿಂಡೋಕೆ ಶುರುವಾಯ್ತು. ಏನೂ ಸುಳಿವೇ ಇರಲಿಲ್ಲ. ನಾನೇ ಕಾರು ಓಡಿಸಿಕೊಂಡು ಹೋದೆ, ಸೀಟಿನ ಮೇಲೆ ಎರಡು ಟವೆಲ್ ಹಾಸಿಕೊಂಡು. ಎಮರ್ಜೆನ್ಸಿಯಲ್ಲಿ ಯಾರನ್ನಾದರೂ ಕರೀಬೇಕಾ ಅಂತ ಕೇಳಿದರು. ಗಂಡ ಬೆಟ್ಟದ ಮೇಲಿದ್ದಾನೆ, ಅಲ್ಲಿ ಸೆಲ್‌ಫೋನ್ ಹಿಡಿಯಲ್ಲ ಅಂದೆ. ಗೆಳತಿ ಗಾನವಿ ಇದ್ದಳು, ಹೇಳಬಹುದಿತ್ತು. ಹೇಳಲಿಲ್ಲ. ಸಂಜೆ ಮನೆಗೆ ಬಂದು ಮಲಗಿದ್ದಾಗ ನೀವು ಯಾವುದೋ ಗ್ಯಾಸ್ ಸ್ಟೇಷನ್ನಿನಿಂದ ಫೋನ್ ಮಾಡಿದಿರಿ. ಬಿತ್ತು ಕಣೇ, ಒಂದೇ ಗುಂಡಿಗೆ ಬಿತ್ತು, ಕವಲು ಕೊಂಬಿನದು ಅಂತ ಕೂಗಿದಿರಿ. ನಾನು ಸರಿ, ಹುಷಾರಾಗಿ ಬನ್ನಿ ಅಂದೆ. ನನ್ನ ದನಿ ಯಾಕೆ ಹಾಗಿದೆ ಅಂತ ನೀವು ಕೇಳಲಿಲ್ಲ. ಆ ಒಂದು ಮಾತನ್ನ ನಾನು ಬಹಳ ದಿನ ಮನಸ್ಸಿನಲ್ಲಿಟ್ಟುಕೊಂಡು ಕೊರಗಿದೆ.

ಬುಧವಾರ ಬಂದಿರಿ. ಗಡ್ಡ ಬೆಳೆದಿತ್ತು, ಮೈಯೆಲ್ಲ ಹೊಗೆ ವಾಸನೆ. ಊಟಕ್ಕೆ ಕೂತು ಜಿಂಕೆ ಕಥೆ ಶುರು ಮಾಡಿದಿರಿ. ಅದರ ಕಿವಿ ಹೇಸರಗತ್ತೆ ಕಿವಿಯಷ್ಟು ಉದ್ದ, ಅದಕ್ಕೇ ಇಲ್ಲಿಯವರು ಅದನ್ನ ಮ್ಯೂಲ್ ಡಿಯರ್ ಅನ್ನೋದು ಅಂದಿರಿ. ನೀವು ಗುರಿ ಹಿಡಿದಾಗ ಅದು ತಲೆ ಎತ್ತಲಿಲ್ಲವಂತೆ, ಒಂದು ಕಿವಿಯನ್ನ ಮಾತ್ರ ನಿಮ್ಮ ಕಡೆ ತಿರುಗಿಸಿತಂತೆ. ಅದನ್ನ ಹೇಳುವಾಗ ನಿಮ್ಮ ಮುಖ ಸ್ವಲ್ಪ ಬಾಡಿತು. ಆಗ ಹೇಳಿಬಿಡಬೇಕು ಅನ್ನಿಸಿತು ನನಗೆ. ಅಷ್ಟರಲ್ಲಿ ನೀವು ನನ್ನ ಹೊಟ್ಟೆ ಮುಟ್ಟಿ, ನಿನ್ನ ಬಯಕೆ ತಂದಿದ್ದೀನಿ ಕಣಪ್ಪಾ ಅಂತ ಅದರ ಹತ್ತಿರ ಮಾತಾಡಿದಿರಿ.

ಶನಿವಾರದ್ದು ನಿಮಗೆ ಗೊತ್ತಿರೋದೇ. ಆದರೂ ನನ್ನ ಕಡೆಯಿಂದ ಕೇಳಿ. ನಮ್ಮ ಹಾಸನದ ಮನೆಯಲ್ಲಿ ಅಪ್ಪ ಅಂಗಡಿಯಿಂದ ಕೆಜಿ ಲೆಕ್ಕದಲ್ಲಿ ಮಾಂಸ ತರೋರು. ಎಲ್ಲರೂ ಸೇರಿ ಸಮಪಾಲು ಹಾಕಿಕೊಳ್ಳೋ ಗುಡ್ಡೆ ಬಾಡು ಅನ್ನೋದನ್ನ ನಾನು ಕಂಡಿದ್ದೇ ನಿಮ್ಮನ್ನ ಮದುವೆಯಾದ ಮೇಲೆ. ಲಿವರ್‌ಮೋರಿನಲ್ಲಿ ಗುರುಕಿರಣ್ ಮನೆ ಗ್ಯಾರೇಜಿನೊಳಗೆ ನೀಲಿ ಟಾರ್ಪಾಲು ಹಾಸಿ, ಮುತ್ತುಗದ ಎಲೆ ಇಲ್ಲ ಅಂತ ಅಲ್ಯೂಮಿನಿಯಂ ಹಾಳೆ ಇಟ್ಟು, ತೊಡೆದೊಂದು ಚೂರು, ಪಕ್ಕೆದೊಂದು ಚೂರು, ಈಲಿದೊಂದು ಚೂರು ಅಂತ ನೀವು ಗುಡ್ಡೆ ಹಾಕ್ತಾ ಹೋದಿರಿ. ಆರು ಮನೆಗೆ ಆರು. ಆಮೇಲೆ ಏಳನೇದು ಹಾಕಿದಿರಿ. ನಿಮ್ಮೂರಲ್ಲಿ ಬಸುರಿ ಇರೋ ಮನೆಗೆ ಒಂದು ಗುಡ್ಡೆ ಜಾಸ್ತಿ, ಅದು ಹೊಟ್ಟೆಯೊಳಗಿರೋರ ಪಾಲು ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಿದಿರಿ.

ಯಾರಿಗೂ ಮೋಸ ಆಗಬಾರದು ಅಂತ ಒಬ್ಬರು ಬೆನ್ನು ತಿರುಗಿಸಿ ನಿಂತು ಹೆಸರು ಕೂಗಬೇಕು ಅಲ್ಲವೇ. ಈ ಸಲ ಬಸುರಿಯೇ ಕೂಗಲಿ ಅಂತ ಗಾನವಿ ನನ್ನನ್ನ ಎಬ್ಬಿಸಿದಳು. ನಾನು ವಾಷಿಂಗ್ ಮೆಷಿನ್ ಕಡೆ ಮುಖ ಮಾಡಿ ನಿಂತೆ. ಗುರುಕಿರಣ್ ಒಂದೊಂದೇ ಗುಡ್ಡೆ ಮುಟ್ಟಿ ಇದು ಯಾರಿಗೆ ಅಂತ ಕೇಳ್ತಾ ಹೋದ. ಆರು ಹೆಸರು ಕೂಗಿದೆ. ಏಳನೇದು ಯಾರಿಗೆ ಅಂದಾಗ ನನಗೆ ಸ್ವರವೇ ಹೊರಡಲಿಲ್ಲ. ನಾಚಿಕೆ ಅಂತ ಹಿಂದೆ ಎಲ್ಲ ನಕ್ಕರು. ಮತ್ತೆ ಕೇಳಿದ. ಮಗೂಗೆ ಅಂದೆ. ಬಟ್ಟೆ ಒಗೆಯೋ ಮೆಷಿನ್ನಿಗೆ ಮುಖ ಕೊಟ್ಟುಕೊಂಡು, ಇಲ್ಲದ ಮಗುವಿನ ಹೆಸರಲ್ಲಿ ಬಾಡು ಈಸಿಕೊಂಡೆ. ನೀವು ಎರಡು ಕವರು ಎರಡು ಕೈಯಲ್ಲಿ ಹಿಡಿದು ಕಾರಿನ ಹತ್ತಿರ ನಡೆದದ್ದು ಈಗಲೂ ಕಣ್ಣ ಮುಂದಿದೆ.

ನಮ್ಮ ಪಾಲನ್ನ ಅವತ್ತೇ ಅಡಿಗೆ ಮಾಡಿದೆ. ಜಿಂಕೆಗೆ ಕೊಬ್ಬೇ ಇಲ್ಲ, ಅದಕ್ಕೆ ಎಣ್ಣೆ ಜಾಸ್ತಿ ಹಾಕಿ, ಗಸಗಸೆ ಕಾಯಿ ರುಬ್ಬಿ, ಕುಕ್ಕರಿನಲ್ಲಿ ಎಂಟು ಕೂಗು ಕೂಗಿಸಿದೆ. ಮುದ್ದೆಗೆ ಅವ್ವ ಕಳಿಸಿದ ಹಿಟ್ಟಿತ್ತು. ನೀವು ಎರಡು ಮುದ್ದೆ ಉಂಡಿರಿ. ನಾನೂ ಉಂಡೆ, ನೀವು ನೋಡ್ತಾ ಕೂತಿದ್ದಿರಲ್ಲ. ಸಾರು ಚೆನ್ನಾಗಿತ್ತು. ಅಷ್ಟು ಚೆನ್ನಾಗಿರಬಾರದಿತ್ತು ಅನ್ನಿಸಿ ನನ್ನ ಮೇಲೇ ಹೇಸಿಗೆ ಆಯ್ತು.

ಏಳನೇ ಗುಡ್ಡೆ ಫ್ರೀಜರಿನಲ್ಲಿದೆ. ನಮ್ಮ ಲ್ಯಾಬಿನಲ್ಲಿ ಫ್ರೀಜರಿಗೆ ಏನೇ ಇಟ್ಟರೂ ತಾರೀಖು, ಹೆಸರು ಬರೆದ ಟೇಪು ಅಂಟಿಸದೆ ಬಾಗಿಲು ಹಾಕೋ ಹಾಗಿಲ್ಲ. ಕೈ ಅದೇ ಅಭ್ಯಾಸಕ್ಕೆ ಬಿದ್ದಿದೆ. ತಾರೀಖು ಬರೆದೆ. ಹೆಸರಿನ ಜಾಗ ಖಾಲಿ ಬಿಟ್ಟೆ. ಬಟಾಣಿ ತೆಗೆಯೋಕೆ ಬಾಗಿಲು ತೆಗೆದಾಗೆಲ್ಲ ಅದು ಕಾಣಿಸುತ್ತೆ. ಎಸೆಯೋಕೆ ಎರಡು ಸಲ ಕಸದ ಡಂಪ್‌ಸ್ಟರ್ ತನಕ ಹೋಗಿ ವಾಪಸ್ ತಂದಿಟ್ಟೆ.

ಆಮೇಲೂ ಎರಡು ವಾರ ನೀವಿದ್ದಿರಿ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ದಿನ ತಳ್ಳಿದೆ. ದೀಪಾವಳಿ ಕಳೀಲಿ ಅಂದುಕೊಂಡೆ. ಕಳೆಯೋಷ್ಟರಲ್ಲಿ ನೀವು ಅವ್ವನನ್ನ ಕರೆತರೋಕೆ ಟಿಕೆಟ್ ಮಾಡಿಸಿಯೇ ಬಿಟ್ಟಿದ್ದಿರಿ. ಏರ್‌ಪೋರ್ಟಿನಲ್ಲಿ ನೀವು ಮತ್ತೆ ನನ್ನ ಹೊಟ್ಟೆ ಮುಟ್ಟಿ ಹೋದಿರಿ. ನಿಜ ಹೇಳಲಾ, ನನಗೆ ಹೆದರಿಕೆ ಇತ್ತು. ಎರಡು ವರ್ಷದ ಹಿಂದೆ ಮೊದಲನೇದು ಹೋದಾಗ ನೀವು ಒಂಬತ್ತು ದಿನ ಆಫೀಸಿಗೆ ಹೋಗಲಿಲ್ಲ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳ್ತಿದ್ದಿರಿ. ಟೀ ಮಾಡಿ ಬಾಗಿಲು ಬಡಿದು, ಬೆನ್ನು ಸವರಿ, ತುತ್ತು ತಿನ್ನಿಸಿದವಳು ನಾನು. ಪಪ್ಪಾಯಿ ಏನಾದರೂ ತಿಂದಳಾ ಅಂತ ಅವ್ವ ಫೋನಿನಲ್ಲಿ ಕೇಳಿದ್ದು ನನಗೆ ಕೇಳಿಸಿತ್ತು. ಮೂರನೇ ದಿನ ಸೇತುವೆ ದಾಟಿ ಕೆಲಸಕ್ಕೆ ಹೋದೆ. ನನಗೇನಾಯ್ತು ಅಂತ ಆ ಒಂಬತ್ತು ದಿನದಲ್ಲಿ ಯಾರೂ ಕೇಳಲಿಲ್ಲ. ನಿಮ್ಮ ದುಃಖ ಸುಳ್ಳು ಅಂತಲ್ಲ. ಆದರೆ ಮನೆಯಲ್ಲಿದ್ದ ಜಾಗವನ್ನೆಲ್ಲ ಅದೇ ತಗೊಂಡುಬಿಟ್ಟಿತ್ತು.

ಅವ್ವನಿಗೆ ನೀವೇ ಹೇಳಿ. ಹೇಳಿದ ಮೇಲೂ ಬರ್ತೀನಿ ಅಂದರೆ ಕರಕೊಂಡು ಬನ್ನಿ. ಸೊಸೆನ ನೋಡಿಕೊಂಡು ಬರೋಕೆ ಅಂತ ಆ ಕಿಂಡಿಯಲ್ಲಿ ಹೇಳಲಿ, ಅದು ಸುಳ್ಳಾಗಲ್ಲ. ಬೇಡ ಅಂದರೆ ನೀವೊಬ್ಬರೇ ಬನ್ನಿ. ಎಷ್ಟೇ ಸಿಟ್ಟಿದ್ದರೂ ಬರದೆ ಮಾತ್ರ ಇರಬೇಡಿ. ಇಲ್ಲಿ ಐದು ಗಂಟೆಗೇ ಕತ್ತಲಾಗ್ತಿದೆ. ಫ್ರೀಜರಿನಲ್ಲಿರೋದನ್ನ ಏನು ಮಾಡಬೇಕು ಅಂತ ಒಬ್ಬಳೇ ತೀರ್ಮಾನ ಮಾಡೋಕೆ ನನ್ನ ಕೈಲಾಗಲ್ಲ.

ನಿಮ್ಮ ದಾರಿ ನೋಡುತ್ತಿರುವ
ತೇಜು

ತಾ. ಕ.: ಕವರು ಅಂಟಿಸಿ ಮತ್ತೆ ಬಿಚ್ಚಿದ್ದೀನಿ. ಏನೂ ಸುಳಿವಿರಲಿಲ್ಲ ಅಂತ ಮೇಲೆ ಬರೆದದ್ದು ಸುಳ್ಳು. ಆ ಗುರುವಾರ ನಾನು ಲ್ಯಾಬಿನಿಂದ ಬರಲಿಲ್ಲ, ಸ್ಕ್ಯಾನಿಂಗಿನಿಂದ ಬಂದೆ. ಎದೆಬಡಿತ ಇಲ್ಲ, ನಾಲ್ಕೈದು ದಿನದಲ್ಲಿ ತಾನಾಗೇ ಹೋಗುತ್ತೆ ಅಂತ ಡಾಕ್ಟರಮ್ಮ ಅಲ್ಲೇ ಹೇಳಿದ್ದರು. ಮೆಟ್ಟಿಲು ಹತ್ತುವಾಗ ನಿಮ್ಮ ನಲ್ಲಿ ಸದ್ದು ನೆನಪಾಯ್ತು. ನನಗೆ ಯಾವ ಬಯಕೆಯೂ ಇರಲಿಲ್ಲ. ಈ ಸಲ ಮನೆಯಲ್ಲಿ ನಾನೊಬ್ಬಳೇ ಅಳಬೇಕಿತ್ತು, ಅದಕ್ಕೆ ಜಿಂಕೆ ಬೇಕು ಅಂದೆ. ನೀವು ಹೋಗಲ್ಲ ಅಂದವರೇ, ಕಳಿಸಿದ್ದು ನಾನು. ಇದೊಂದನ್ನ ಅವ್ವನಿಗೆ ಓದಿ ಹೇಳಬೇಡಿ.